ಮಳೆಗೆ ಕೆಂಪು, ಚಳಿಗೆ ನೀಲಿ

ಜುಲೈ ತಿಂಗಳು. ಜಿಂಬಾಬ್ವೆಯ ಎತ್ತರದ ಬಯಲಿನಲ್ಲಿ ಮಳೆಯ ಮಾತಿಲ್ಲ. ಹುಲ್ಲು ಒಣಗಿ ಬಿಳಿಚಿಕೊಂಡಿದೆ, ನಡುನಡುವೆ ಬೆಂಕಿ ಹಾದುಹೋದ ಕರಿ ಪಟ್ಟೆ. ಗ್ರಾನೈಟ್ ಗುಂಡುಗಳು ಒಂದರ ಮೇಲೊಂದು ಪೇರಿಸಿಕೊಂಡ ಗುಡ್ಡದಲ್ಲಿ, ಬಂಡೆಯ ಸಂದಿನ ತಂಪಿಗೆ ತರಗೆಲೆಯೊಂದು ಅಂಟಿಕೊಂಡಂತೆ ಕಾಣುತ್ತದೆ. ಬಿಸಿಲೇರಿತೋ, ಆ ತರಗೆಲೆ ತೆರೆದುಕೊಳ್ಳುತ್ತದೆ. ಒಳಗೆ ಗಾಢ ನೀಲಿ. ನೀಲಿಯ ಮೇಲೆ ಕೆಂಪು ಬೊಟ್ಟುಗಳ ಸಾಲು.

ಅದೇ ಗುಡ್ಡಕ್ಕೆ ಜನವರಿಯಲ್ಲಿ ಬಂದರೆ ನೀಲಿ ಕಾಣದು. ಮಳೆ ಕುಡಿದು ಎದ್ದ ಹುಲ್ಲಿನ ಮೇಲೆ ಕಿತ್ತಳೆಗೆಂಪಿನ, ಕರಿ ಚುಕ್ಕೆ ಕರಿ ಅಂಚಿನ ಚಿಟ್ಟೆ ತೇಲುತ್ತಿರುತ್ತದೆ. ಬಂಡೆಯ ಗೊಡವೆ ಅದಕ್ಕಿಲ್ಲ.

ಎರಡೂ ಒಂದೇ ಚಿಟ್ಟೆ, ಪ್ರೆಸಿಸ್ ಆಕ್ಟೇವಿಯಾ. ಇದನ್ನು ನಂಬಲು ಪಂಡಿತರಿಗೇ ಕಷ್ಟವಾಯಿತು, ಅವರನ್ನು ದೂರುವಂತೆಯೂ ಇಲ್ಲ. ಆಮ್‌ಸ್ಟರ್‌ಡ್ಯಾಮಿನ ವ್ಯಾಪಾರಿ ಪೀಟರ್ ಕ್ರಾಮರ್ 1777ರಲ್ಲಿ ಸಿಯೆರಾ ಲಿಯೋನ್‌ನ ಚಿಟ್ಟೆಗೆ ಆಕ್ಟೇವಿಯಾ ಎಂದು ಹೆಸರಿಟ್ಟ. ನೂರು ವರ್ಷ ಕಳೆದು 1883ರಲ್ಲಿ ರೋಲಂಡ್ ಟ್ರೈಮೆನ್ ದಕ್ಷಿಣದ ನೀಲಿಗೆ ಸೆಸಾಮಸ್ ಎಂದ. ದಕ್ಷಿಣದ ಕೆಂಪಿಗೆ ನಟಾಲೆನ್ಸಿಸ್ ಎಂಬ ಇನ್ನೊಂದು ಹೆಸರು ಸೇರಿಕೊಂಡಿತು. ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಟ್ಟ ಚಿಟ್ಟೆ ತನ್ನ ತಾಯಿ ಯಾರೆಂದು ಹೇಳುವುದಿಲ್ಲವಲ್ಲ!

ಅದನ್ನು ಹೇಳಿಸಿದವನು ಗೈ ಮಾರ್ಷಲ್. ಅಮೃತಸರದಲ್ಲಿ ಹುಟ್ಟಿದವನು, ಅವನ ದೊಡ್ಡಪ್ಪ-ಚಿಕ್ಕಪ್ಪಂದಿರ ಸಾಲಿನಲ್ಲಿ ಭಾರತದ ಚಿಟ್ಟೆಗಳ ಮೇಲೆ ದೊಡ್ಡ ಗ್ರಂಥ ಬರೆದವರಿದ್ದರು. ಇಂದಿನ ಹರಾರೆ, ಅಂದಿನ ಸಾಲಿಸ್‌ಬರಿಯಲ್ಲಿ ಕೆಂಪು ಚಿಟ್ಟೆ ಇಟ್ಟ ಮೊಟ್ಟೆಯನ್ನು ಮರಿಹುಳ, ಕೋಶಗಳ ಹಾದಿಯಲ್ಲಿ ಸಾಕಿ ಬೆಳೆಸಿದ. ಕೋಶ ಒಡೆದು ನೀಲಿ ಚಿಟ್ಟೆ ಬಂತು. 1898ರಲ್ಲಿ ಅದು ಅಚ್ಚಾಯಿತು. ದಕ್ಷಿಣದ ಕೆಂಪು ನೀಲಿಯ ಮನೆ ಸೇರಿತು. ಹಳೆಯ ಹೆಸರಿಗೇ ಪಟ್ಟವೆಂಬ ನಿಯಮದಂತೆ ಆಕ್ಟೇವಿಯಾದ ದಕ್ಷಿಣದ ಉಪಪ್ರಭೇದಕ್ಕೆ ಸೆಸಾಮಸ್ ಎಂಬುದೇ ನಿಂತಿತು.

ಬಣ್ಣ ತೀರ್ಮಾನವಾಗುವುದು ಮರಿಹುಳ ಬೆಳೆಯುವಾಗ. ಆಗ ಚಳಿಯಿದ್ದರೆ ನೀಲಿ, ಸೆಕೆಯಿದ್ದರೆ ಕೆಂಪು. ಋತು ಮಗುಚುವ ಹೊತ್ತಿನಲ್ಲಿ ಎರಡೂ ಅಲ್ಲದ ನಡುಬಣ್ಣದವೂ ಹುಟ್ಟುತ್ತವೆ. ನಮಗೂ ಇದು ತೀರಾ ಹೊಸದಲ್ಲ: ಕರ್ನಾಟಕದ ತೋಟಗಳಲ್ಲೂ ಹಾರುವ, ನವಿಲುಗಣ್ಣಿನ ಜುನೋನಿಯಾ ಅಲ್ಮಾನಾ ಬೇಸಿಗೆಯಲ್ಲಿ ಎಲೆಯಂತೆ, ಮಳೆಗಾಲದಲ್ಲಿ ಕಣ್ಣುಗಳಿಂದ ತುಂಬಿ ಕಾಣುತ್ತದೆ. ಲಿನೇಯಸ್ 1758ರಲ್ಲಿ ಅದಕ್ಕೂ ಅಲ್ಮಾನಾ, ಆಸ್ಟೀರಿಯೆ ಎಂದು ಎರಡು ಹೆಸರು ಕೊಟ್ಟಿದ್ದ. ನಮ್ಮ ಜುನೋನಿಯಾಗಳನ್ನು ಹಳೆಯ ಪುಸ್ತಕಗಳು ಪ್ರೆಸಿಸ್ ಕುಲಕ್ಕೇ ಸೇರಿಸಿದ್ದವು. ಈಗ ಆ ಕುಲದ ಹೆಸರು ಆಫ್ರಿಕಾ ಮತ್ತು ಮಡಗಾಸ್ಕರ್ ಕಡೆಯವಕ್ಕೆ ಮಾತ್ರ ಉಳಿದಿದೆ.

ನಕ್ಷೆಯಲ್ಲಿ ಆಕ್ಟೇವಿಯಾ ಇರುವುದು ಎರಡು ತುಂಡಾಗಿ. ಮೂಲ ಉಪಪ್ರಭೇದ ಸೆನೆಗಲ್‌ನಿಂದ ನೈಜೀರಿಯ, ಕ್ಯಾಮರೂನ್ ಹಾದು ಇಥಿಯೋಪಿಯದವರೆಗೆ. ಸೆಸಾಮಸ್ ಕೆನ್ಯಾ, ಟಾಂಜಾನಿಯದಿಂದ ಇಳಿದು ದಕ್ಷಿಣ ಆಫ್ರಿಕಾವರೆಗೆ, ಪಶ್ಚಿಮಕ್ಕೆ ಅಂಗೋಲದವರೆಗೆ. ದಟ್ಟ ಮಳೆಕಾಡು ಇದಕ್ಕೆ ಒಗ್ಗದು. ಮರಿಹುಳಕ್ಕೆ ಬೇಕಾದದ್ದು ತುಳಸಿಯ ವಂಶದ, ನಮ್ಮ ದೊಡ್ಡಪತ್ರೆಗೆ ಹತ್ತಿರದ ಸಂಬಂಧಿಗಳಾದ ಗಿಡಗಳು. ಅವು ಹುಲ್ಲುಗಾವಲ ಅಂಚಿನಲ್ಲಿ, ಬಂಡೆಗಳ ನೆರಳಿನಲ್ಲಿ ಬೆಳೆಯುತ್ತವೆ. ಚಿಟ್ಟೆಯನ್ನು ಹುಡುಕಬೇಕಾದುದೂ ಅಲ್ಲೇ.