ಸಂಕೇತ ಮತ್ತು ಸಂಕಷ್ಟ: ಯಿ ಚಿಂಗ್ ರೇಖಾಕೃತಿಗಳು ಹಾಗೂ ಎಲ್ಲಮ್ಮನ ಜಡೆ

ಸಂಕಷ್ಟದಲ್ಲಿರುವ ಮನುಷ್ಯ ಲೋಕದ ಗುರುತುಗಳಲ್ಲಿ ತನಗೊಂದು ಮಾತನ್ನು ಹುಡುಕುತ್ತಾನೆ. ಆ ಗುರುತು ದಾರಿಯಾಗುವುದೋ ಬಂಧನವಾಗುವುದೋ ಎಂಬುದು ಅದನ್ನು ಓದುವ ಅಧಿಕಾರ ಯಾರದು ಎಂಬುದನ್ನು ಅವಲಂಬಿಸಿದೆ. ಚೀನಾದ ಯಿ ಚಿಂಗ್ ಹಾಗೂ ಬೆಳಗಾವಿ ಸೀಮೆಯ ಎಲ್ಲಮ್ಮನ ಪರಂಪರೆಯನ್ನು ಜೊತೆಗಿರಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಯಿ ಚಿಂಗ್ ಎಂದರೆ 'ಪರಿವರ್ತನೆಗಳ ಗ್ರಂಥ'. ಇದರ ಮೂಲಭಾಗ ಕ್ರಿ.ಪೂ. ಮೊದಲ ಸಹಸ್ರಮಾನದ ಆದಿಭಾಗದ ಝೌ ಕಾಲಕ್ಕೆ ಸೇರಿದುದು. ಅಖಂಡ ಗೆರೆ ಮತ್ತು ನಡುವೆ ತುಂಡಾದ ಗೆರೆಗಳನ್ನು ಆರಾರರಂತೆ ಜೋಡಿಸಿದಾಗ 64 ಆಕೃತಿಗಳು ದೊರೆಯುತ್ತವೆ. ಪ್ರಶ್ನೆ ಕೇಳುವವನು 50 ಕಡ್ಡಿಗಳಲ್ಲಿ ಒಂದನ್ನು ಬದಿಗಿರಿಸಿ, ಉಳಿದ 49ನ್ನು ಪದೇ ಪದೇ ಭಾಗಿಸಿ, ಅಥವಾ ಮೂರು ನಾಣ್ಯಗಳನ್ನು ಎಸೆದು, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಗೆರೆಯನ್ನು ಪಡೆಯುತ್ತಾನೆ.

29ನೆಯ ಆಕೃತಿ ನೀರಿನ ಮೇಲೆ ನೀರು, ಅಂದರೆ ಅಪಾಯದ ಮೇಲೆ ಅಪಾಯ. ಹಳ್ಳಕ್ಕೆ ಬಿದ್ದ ನೀರು ಹಳ್ಳವನ್ನು ತುಂಬಿ ಮುಂದೆ ಸಾಗುತ್ತದೆ ಎಂಬುದು ಅದರ ಪಾಠ. 39ನೆಯದು ಬೆಟ್ಟದ ಮೇಲಿನ ನೀರು, ಅಂದರೆ ತಡೆ. ಅಲ್ಲಿ ನಿಂತು ತನ್ನನ್ನೇ ಪರಿಶೀಲಿಸಿಕೊಳ್ಳಬೇಕು. 47ನೆಯದು ನೀರಿಂಗಿದ ಕೆರೆ. ಅದರ ಹೆಸರಿನ ಚೀನೀ ಅಕ್ಷರ ಆವರಣದೊಳಗೆ ಸಿಕ್ಕ ಮರವನ್ನು ತೋರಿಸುತ್ತದೆ. ಕೆಲವು ಗೆರೆಗಳು ಬದಲಾಗುವ ಗೆರೆಗಳಾದ್ದರಿಂದ ಒಂದು ಆಕೃತಿ ಇನ್ನೊಂದಾಗಿ ಮಾರ್ಪಡುತ್ತದೆ. ಹೀಗೆ ಸಂಕೇತವು ಸ್ಥಿತಿಯನ್ನು ಹೆಸರಿಸಿ, ಅದು ಶಾಶ್ವತವಲ್ಲವೆಂದು ಸೂಚಿಸಿ, ನಿರ್ಧಾರವನ್ನು ಕೇಳಿದವನಿಗೇ ಬಿಡುತ್ತದೆ. ಕನ್ನಡದ ಕೊರವಂಜಿಯ ಕಣಿಯೂ ಬಹುಮಟ್ಟಿಗೆ ಹೀಗೆಯೇ. ಅದರ ಅಸ್ಪಷ್ಟ ನುಡಿಗೆ ಅರ್ಥ ತುಂಬುವವರು ಕೇಳುಗರು.

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸವದತ್ತಿಯತ್ತ ಹರಿಯುತ್ತದೆ. ಖಾನಾಪುರ, ಬೆಳಗಾವಿಗಳ ಭಕ್ತರೂ ಅಲ್ಲಿನ ಎಲ್ಲಮ್ಮನ ಗುಡ್ಡಕ್ಕೆ ನಡೆದುಕೊಳ್ಳುತ್ತಾರೆ. ಈ ಪರಂಪರೆಯಲ್ಲಿ ಗಂಟುಗಟ್ಟಿದ ಕೂದಲು, ಅಂದರೆ 'ಜಡೆ', ದೇವಿಯ ಕರೆಯೆಂಬ ನಂಬಿಕೆ ಬೆಳೆಯಿತು. ರೋಗ ಮತ್ತು ಬಡತನದಿಂದ ಕಂಗೆಟ್ಟ ಕುಟುಂಬಗಳಲ್ಲಿ ಆ ಗುರುತಿಗೆ ಹಲವು ಬಾರಿ ಒಂದೇ ಉತ್ತರವಿತ್ತು: ಬಾಲಕಿಗೆ ಮುತ್ತು ಕಟ್ಟುವುದು. ಗುರುತು ಮೂಡಿದ್ದು ಅವಳ ತಲೆಯ ಮೇಲೆ. ಅದನ್ನು ಓದಿದವರು ಬೇರೆಯವರು. ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ, 1982 ಈ ಓದಿನ ಫಲವನ್ನು ಅಪರಾಧವೆಂದು ಸಾರಿತು. ಜಡೆಯನ್ನು ಕತ್ತರಿಸಿ ಕೂದಲನ್ನು ಶುಚಿಗೊಳಿಸುವ ಕಾರ್ಯಕರ್ತರು ಆ ಗುರುತನ್ನೇ ಮರು ಓದಿಗೆ ಒಳಪಡಿಸಿದ್ದಾರೆ.

ಆದ್ದರಿಂದ ಕಣಿ, ಶಕುನ, ಹೇಳಿಕೆಗಳ ಅಧ್ಯಯನವು ಅವುಗಳ ಅರ್ಥವನ್ನು ಸಂಗ್ರಹಿಸಿದರೆ ಸಾಲದು. ಅರ್ಥ ಹೇಳುವವರು ಯಾರು, ಅದರ ಭಾರ ಹೊರುವವರು ಯಾರು ಎಂಬುದನ್ನೂ ದಾಖಲಿಸಬೇಕಾಗಿದೆ.