ಎರಡು ಮಳೆಗಾಲ ನಿಂತ ಮಿಲಿಟರಿ ಲಾರಿಗೆ ಸೆಲ್ಫ್ ಹೊಡೆಯೋ ಮುಂಚೆ

ಬಂಡೂರಿನಿಂದ ಮಾತಾಡ್ತಾ ಇದ್ದೀನಿ. ಹೌದು, ಕುರಿಗೆ ಹೆಸರಾದ ಅದೇ ಮಳವಳ್ಳಿ ತಾಲ್ಲೂಕಿನ ಬಂಡೂರು. ಆದ್ರೆ ಇವತ್ತು ಕುರಿ ಸುದ್ದಿ ಬೇಡ, ಲಾರಿ ಸುದ್ದಿ.

ನನ್ನ ಗೆಳೆಯನೊಬ್ಬ ಸಕಲೇಶಪುರದ ಕಡೆ ಒಂದು ಎಸ್ಟೇಟ್ ಶೆಡ್ಡಲ್ಲಿ ಹಳೇ ಮಿಲಿಟರಿ ಲಾರಿ ನೋಡ್ಕೊಂಡು ಬಂದ. ಎರಡು ಮಳೆಗಾಲ ಅಲ್ಲಾಡದೆ ನಿಂತಿದ್ದ ಗಾಡಿ. ಎಂಥ ಕೆಸರಿಂದಾನೂ ಕಬ್ಬು ಎಳೆದು ತರುತ್ತೆ ಅನ್ನೋ ಆಸೆಗೆ ಕೈಸಾಲ ಮಾಡಿ ಅಡ್ವಾನ್ಸ್ ಕೂಡ ಕೊಟ್ಟಿದ್ದ. "ಬ್ಯಾಟರಿ ಹಾಕಿ ಸೆಲ್ಫ್ ಹೊಡೆದ್ರೆ ಮುಗೀತು" ಅಂತ ಅವನ ಲೆಕ್ಕ. ನಾನು ಬಿಕಾಂ ಓದಿದವನು, ನನಗೆ ಬರೋದು ಬೇರೆ ಲೆಕ್ಕ. ಅದಕ್ಕೆ ಸೇನೆಯ ಇಎಂಇಯಲ್ಲಿ ಗಾಡಿ ರಿಪೇರಿ ಮಾಡಿ ರಿಟೈರ್ ಆಗಿರೋ ನಮ್ಮ ಮಾವನ್ನ ಕರ್ಕೊಂಡು ಹೋದೆ. ಇಎಂಇ ಅಂದ್ರೆ 1943ರಲ್ಲಿ ಹುಟ್ಟಿದ, ಸೇನೆಯ ಮೆಕ್ಯಾನಿಕ್‌ಗಳ ಪಡೆ. ಬೆಂಗಳೂರಿನ ಹಲಸೂರಲ್ಲಿರೋ 515 ಆರ್ಮಿ ಬೇಸ್ ವರ್ಕ್‌ಶಾಪ್ ಅವರದ್ದೇ.

ಹಳೇ ಮಿಲಿಟರಿ ಲಾರಿ ಅಂದ್ರೆ ನಮ್ಮಲ್ಲಿ ಮೊದಲು ನೆನಪಾಗೋದು ಶಕ್ತಿಮಾನ್. ಜರ್ಮನಿಯ ಮ್ಯಾನ್ ಕಂಪನಿಯ ಲೈಸೆನ್ಸ್ ತಗೊಂಡು 1959ರಲ್ಲಿ ಜಬಲ್ಪುರದಲ್ಲಿ ತಯಾರಿ ಶುರುವಾಯ್ತು, 90ರ ದಶಕದವರೆಗೂ ನಡೀತು. ಆರು ಸಿಲಿಂಡರಿನ ಡೀಸೆಲ್ ಎಂಜಿನ್, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಪವರ್. ಸೇನೆ ಹರಾಜು ಹಾಕಿದ ಇಂಥ ಲಾರಿಗಳು ಮಲೆನಾಡಿಗೆ ಬಂದು ಮರ ಹೊತ್ತಿದ್ದು ಸುಮ್ಮನೆ ಅಲ್ಲ.

ಶೆಡ್ಡಿಗೆ ಹೋದ ತಕ್ಷಣ ಮಾವ ಅಂದಿದ್ದು ಒಂದೇ ಮಾತು. "ಕೀ ಮುಟ್ಟಬೇಡ ಕಣ್ಲಾ. ಮೊದ್ಲು ಚಕ್ರಕ್ಕೆ ಕಲ್ಲು ಕೊಡು."

ಆಮೇಲೆ ನಾಜಲ್‌ಗಳನ್ನ ಬಿಚ್ಚಿದ್ರು. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳೀನ ಅಷ್ಟು ಬಿಗಿಯಾಗಿ ಹಿಂಡುತ್ತೆ ಅಂದ್ರೆ, ಆ ಬಿಸಿಗೇ ಡೀಸೆಲ್ ಹತ್ಕೊಳ್ಳುತ್ತೆ. ಆದ್ರೆ ಸೈಲೆನ್ಸರ್ ಕಡೆಯಿಂದ ಮಳೆನೀರು ಸಿಲಿಂಡರಿಗೆ ಇಳಿದಿದ್ರೆ? ಗಾಳಿ ಹಿಂಡಬಹುದು, ನೀರು ಹಿಂಡೋಕಾಗಲ್ಲ. ಸೆಲ್ಫ್ ಹೊಡೆದ್ರೆ ಕನೆಕ್ಟಿಂಗ್ ರಾಡೇ ಬಗ್ಗುತ್ತೆ. ಅದಕ್ಕೆ ಒಳಗೆ ಸ್ವಲ್ಪ ಎಣ್ಣೆ ಬಿಟ್ಟು, ಎಂಜಿನ್ನ ಕೈಯಲ್ಲೇ ನಿಧಾನಕ್ಕೆ ತಿರುಗಿಸಿದ್ರು.

ಟ್ಯಾಂಕ್ ತಳದಲ್ಲಿ ನೀರು, ಜೊತೆಗೆ ಕರೀ ಲೋಳೆ. ಡೀಸೆಲ್ಲೂ ನೀರೂ ಸೇರೋ ಕಡೆ ಸೂಕ್ಷ್ಮಜೀವಿ ಬೆಳೆಯುತ್ತೆ, ಫಿಲ್ಟರ್ ಕಟ್ಟಿಕೊಳ್ಳುತ್ತೆ. ಎಲ್ಲ ತೊಳೆದು, ಹೊಸ ಫಿಲ್ಟರ್ ಹಾಕಿ, ಏರ್ ತೆಗೆದಿದ್ದಾಯ್ತು. ಪೈಪಲ್ಲಿ ಗಾಳಿ ಗುಳ್ಳೆ ಇದ್ರೆ ಪಂಪ್ ಎಷ್ಟು ಒತ್ತಿದ್ರೂ ಗುಳ್ಳೆ ಕುಗ್ಗುತ್ತೆ ಅಷ್ಟೇ, ನಾಜಲ್‌ಗೆ ಡೀಸೆಲ್ ಮುಟ್ಟಲ್ಲ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲ ಮಾಡಿ, ಗುಳ್ಳೆ ನಿಂತು ಡೀಸೆಲ್ ಸಲೀಸಾಗಿ ಬರೋವರೆಗೂ ಕೈಪಂಪು ಹೊಡೀಬೇಕು. ಒಂದು ಎಚ್ಚರಿಕೆ, ನಾಜಲ್ ಚಿಮ್ಮೋ ಜಾಗಕ್ಕೆ ಕೈ ಒಡ್ಡಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ.

ಸ್ಟಾರ್ಟ್ ಮಾಡೋ ಮುಂಚೆ ಮಾವ ಒಂದು ದಪ್ಪ ಹಲಗೆ ತಂದು ನನ್ನ ಕೈಗೆ ಕೊಟ್ರು. "ಏರ್ ಫಿಲ್ಟರ್ ಬಿಚ್ಚಿರೋ ಬಾಯಿ ಹತ್ರ ನಿಂತ್ಕೋ. ನಾನು ಕೂಗಿದ್ರೆ ಮುಚ್ಚು. ಕೈಯಲ್ಲಿ ಮುಚ್ಚೀಯ ಮತ್ತೆ!" ನಾನು ತಮಾಷೆ ಅಂದ್ಕೊಂಡೆ. ತಮಾಷೆ ಅಲ್ಲ. ಎಷ್ಟು ಡೀಸೆಲ್ ಹೋಗಬೇಕು ಅಂತ ತೀರ್ಮಾನಿಸೋದು ಎಫ್‌ಐ ಪಂಪ್ ಒಳಗಿನ ಒಂದು ರ್‍ಯಾಕ್. ಗಾಡಿ ವರ್ಷಗಟ್ಟಲೆ ನಿಂತಾಗ ಅದು ಫುಲ್ ಡೀಸೆಲ್ ಕಡೆಗೇ ಅಂಟಿಕೊಂಡಿರಬಹುದು. ಆಗ ಎಂಜಿನ್ ಕಿರುಚ್ತಾ ಏರುತ್ತೆ, ಕೀ ತೆಗೆದ್ರೂ ನಿಲ್ಲಲ್ಲ, ಸ್ಟಾಪ್ ಎಳೆದ್ರೂ ನಿಲ್ಲಲ್ಲ. ನಿಲ್ಲಿಸೋಕೆ ಗಾಳಿ ಕಟ್ ಮಾಡಬೇಕು. ಪುಣ್ಯಕ್ಕೆ ನಮ್ಮ ರ್‍ಯಾಕ್ ಆಡ್ತಿತ್ತು. ಮೂರನೇ ಸಲಕ್ಕೆ ಬಿಳಿ ಹೊಗೆ ಉಗುಳಿ ಗಾಡಿ ಸ್ಟಾರ್ಟ್ ಆಯ್ತು.

ಗೆಳೆಯ ಕುಣಿದಾಡಿಬಿಟ್ಟ. "ಒಂದು ರೌಂಡ್ ಹಾಕೋಣ ಮಾವ!" ಅಂದ. ಮಾವ ಮಾತಾಡದೆ ಬ್ರೇಕ್ ತುಳಿದ್ರು. ಪೆಡಲ್ ನೆಲಕ್ಕೆ ಹೋಯ್ತು. ಹಿಂದಿನ ಚಕ್ರದ ಒಳಮೈಯಿಂದ ಬ್ರೇಕ್ ಆಯಿಲ್ ತೊಟ್ಟಿಕ್ಕೋಕೆ ಶುರುವಾಯ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರ್ಕೊಳ್ಳುತ್ತೆ, ವೀಲ್ ಸಿಲಿಂಡರ್ ತುಕ್ಕು ಹಿಡಿಯುತ್ತೆ, ರಬ್ಬರ್ ಒಣಗಿ ಬಿರುಕು ಬಿಡುತ್ತೆ. ಮಲೆನಾಡಿನ ಮಳೆಗೆ ಇದೆಲ್ಲ ಇನ್ನೂ ಬೇಗ. ಶೆಡ್ ಮುಂದೆ ಇಳಿಜಾರು. ಇಳಿಜಾರಿನ ಕೆಳಗೆ ಕೂಲಿಯವರ ಲೈನ್ ಮನೆ, ಅಂಗಳದಲ್ಲಿ ಮಕ್ಕಳು. ಗೆಳೆಯ ಅದನ್ನ ನೋಡಿ ಸುಮ್ಮನೆ ಕ್ಯಾಬಿನ್‌ನಿಂದ ಇಳಿದ.

ನನ್ನ ಸರದಿ ಕಾಗದ. ಛಾಸಿ ನಂಬರು, ಎಂಜಿನ್ ನಂಬರು ಆರ್‌ಸಿಗೆ ತಾಳೆ ಆಗಬೇಕು, ಎಫ್‌ಸಿ ಇರಬೇಕು, ಹರಾಜಿನ ಪತ್ರದಲ್ಲಿ ಗಾಡಿ ಅಂತಿದೆಯೋ ಗುಜರಿ ಅಂತಿದೆಯೋ ನೋಡಬೇಕು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ಮುಂದುವರಿಯಲ್ಲ. ದೇಶರಕ್ಷಣೆ ಕಾರ್ಯಾಚರಣೆಯ ವಿಶೇಷ ವಾಹನಗಳಿಗೆ ವಿನಾಯಿತಿ ಇದೆ, ಆದ್ರೆ ಅದು ಗಾಡಿ ಸೇನೆಯ ಕೈಲಿರೋವರೆಗೆ. ಅಡ್ವಾನ್ಸ್ ಕೊಡೋಕೆ ಮುಂಚೆ ಕೇಳಬೇಕಾದ ಪ್ರಶ್ನೆ ಇವು. ನನ್ನ ಗೆಳೆಯ ಕೊಟ್ಟಮೇಲೆ ಕೇಳಿದ.

ಲಾರಿ ಈಗಲೂ ಅಲ್ಲೇ ಇದೆ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಕೊಂಡು. ಇವನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಸುತ್ತಿ ಬ್ರೇಕಿನ ರಬ್ಬರ್ ಕಿಟ್ ಹುಡುಕ್ತಾ ಇದ್ದಾನೆ.