ಮೂರು ಭಾಷೆಯ ಮೆದುಳಿಗೆ ಒಂದು ಭಾಷೆಯ ಪರೀಕ್ಷೆ ಸಾಲದು

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಕಡೆ ಮನೆಯಲ್ಲಿ ಒಂದು ಭಾಷೆ, ಬಜಾರಿನಲ್ಲಿ ಇನ್ನೊಂದು, ಬೀಗರ ಊರಿನಲ್ಲಿ ಮತ್ತೊಂದು ಆಡುವವರು ಅಪರೂಪವಲ್ಲ. ಬಸವಕಲ್ಯಾಣ ತಾಲ್ಲೂಕಿನ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ ಹುಮನಾಬಾದಿನ ಮಾಣಿಕನಗರದಲ್ಲಿ ನೆಲೆಸಿದ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಉರ್ದು ಮೊದಲಾದ ಭಾಷೆಗಳಲ್ಲಿ ಪದ ಕಟ್ಟಿದ್ದೂ ಈ ನೆಲದ ಗುಣವೇ. ಇಂಥ ಊರಿನ ಹಿರಿಯರೊಬ್ಬರಿಗೆ ಲಕ್ವ ಹೊಡೆದು ಮಾತು ತೊದಲಿದರೆ, ಇಲ್ಲವೆ ಮರೆವು ಮಿತಿಮೀರಿದರೆ, ಅವರ ಮೆದುಳನ್ನು ಯಾವ ಭಾಷೆಯಲ್ಲಿ ಪರೀಕ್ಷಿಸಬೇಕು? ಒಂದೇ ಭಾಷೆಯಲ್ಲಿ ಪರೀಕ್ಷಿಸಿ ಕೊಟ್ಟ ಅಂಕವನ್ನು ಆ ಮೆದುಳಿನ ಅಳತೆ ಎಂದು ನಂಬಲಾಗದು ಎಂಬುದು ನನ್ನ ವಾದ.

ಅರಿವಿನ ನರಮನೋವಿಜ್ಞಾನ ನಿಂತಿರುವುದೇ ಏನು ಹೋಯಿತು, ಏನು ಉಳಿಯಿತು ಎಂಬ ಲೆಕ್ಕದ ಮೇಲೆ. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ ಕಂಡ ರೋಗಿಗೆ ಬೇರೆಯವರ ಮಾತು ಅರ್ಥವಾಗುತ್ತಿತ್ತು, ಬಾಯಿಂದ ಮಾತ್ರ ‘ಟಾನ್’ ಬಿಟ್ಟು ಹೆಚ್ಚೇನೂ ಹೊರಡುತ್ತಿರಲಿಲ್ಲ. 1874ರಲ್ಲಿ ಕಾರ್ಲ್ ವೆರ್ನಿಕೆ ವಿವರಿಸಿದ ರೋಗಿಗಳದು ತದ್ವಿರುದ್ಧ: ಮಾತು ಸರಾಗ, ಅರ್ಥಗ್ರಹಣ ಕುಂಠಿತ. ಎರಡನ್ನೂ ಜೊತೆಗಿಟ್ಟಾಗಲೇ ಮಾತಾಡುವುದು ಬೇರೆ, ಅರ್ಥಮಾಡಿಕೊಳ್ಳುವುದು ಬೇರೆ ಎನ್ನಲು ಆಧಾರ ಸಿಕ್ಕಿತು. ಹಲವು ಭಾಷೆ ಬಲ್ಲವರಿಗೂ ಇದೇ ತರ್ಕ ಸಲ್ಲುತ್ತದೆ. ಮೊದಲು ಕಲಿತ ಭಾಷೆ ಹೆಚ್ಚು ಉಳಿಯುತ್ತದೆ ಎಂದು ಫ್ರೆಂಚ್ ಮನೋವಿಜ್ಞಾನಿ ರಿಬೋ ಭಾವಿಸಿದ್ದರು. ಹೆಚ್ಚು ಬಳಸಿದ ಭಾಷೆ ಮೊದಲು ಮರಳುತ್ತದೆ ಎಂದು 1895ರಲ್ಲಿ ಅದೇ ದೇಶದ ವೈದ್ಯ ಪಿತ್ರ್ ಹೇಳಿದರು. ಮುಂದೆ ದಾಖಲಾದ ರೋಗಿಗಳು ಎರಡು ನಿಯಮಗಳನ್ನೂ ಮುರಿದರು. ಕೆಲವರಲ್ಲಿ ಭಾಷೆಗಳೆಲ್ಲ ಒಟ್ಟಿಗೇ ಕುಗ್ಗಿದವು, ಕೆಲವರಲ್ಲಿ ಒಂದು ಮರಳಿ ಇನ್ನೊಂದು ಹಿಂದುಳಿಯಿತು. ಹಾಗಾಗಿ ಒಂದರಲ್ಲಿ ಕಂಡದ್ದರಿಂದ ಇನ್ನೊಂದನ್ನು ಊಹಿಸುವಂತಿಲ್ಲ.

ಎಂ.ಆರ್.ಐ. ಇರುವಾಗ ಈ ಪ್ರಶ್ನೋತ್ತರ ಏಕೆ ಎಂದು ಕೇಳಬಹುದು. ಸ್ಕ್ಯಾನ್ ಗಾಯ ಎಲ್ಲಿದೆ ಎಂದು ತೋರಿಸುತ್ತದೆ. ರೋಗಿಗೆ ಏನು ಸಾಧ್ಯವಾಗುತ್ತಿಲ್ಲ ಎಂಬುದು ಕೇಳಿದರೇ ಗೊತ್ತಾಗಬೇಕು. ಒಂದು ನಿಮಿಷದಲ್ಲಿ ತೋಚಿದಷ್ಟು ಪ್ರಾಣಿಗಳ ಹೆಸರು ಹೇಳಿಸುವ ಪರೀಕ್ಷೆಯನ್ನೇ ನೋಡಿ. ರೋಗಿ ‘ಎಮ್ಮಿ, ಆಕಳ, ಆಡು’ ಎಂದು ಶುರುಮಾಡಿ ‘ಬಿಲ್ಲಿ, ಘೋಡಾ’ ಎಂದು ಮುಂದುವರಿದರೆ ಅಂಕ ಮೂರೋ ಐದೋ? ನೆನಪಿನಿಂದ ಹೊರಬಂದ ಪ್ರಾಣಿಗಳು ಐದು. ಭಾಷೆ ಜಿಗಿದದ್ದು ಬೇರೆಯೇ ಸಂಗತಿ. ಕನ್ನಡದಲ್ಲೇ ಹೇಳಿ ಎಂದರೂ ಹಿಡಿತ ಸಿಗದಿದ್ದರೆ ಅದು ಮೆದುಳಿನ ಮುಂಭಾಗದ ನಿಯಂತ್ರಣ ಸಡಿಲಗೊಂಡ ಸೂಚನೆಯಾಗಬಹುದು. ಕಾಯಿಲೆಗೆ ಮೊದಲೂ ಅವರು ಹೀಗೇ ಬೆರೆಸಿ ಆಡುತ್ತಿದ್ದರೆ ಅದು ಬರೀ ರೂಢಿ. ಇದನ್ನು ಹೇಳಬಲ್ಲವರು ಮನೆಯವರು. ಅವರನ್ನು ಕೇಳದೆ ಮೂರು ಎಂದು ಬರೆದುಕೊಂಡರೆ ಆರೋಗ್ಯವಂತರೂ ರೋಗಿಗಳಾಗಿಬಿಡುತ್ತಾರೆ.

ಭಾಷೆಗಳ ಸಂಖ್ಯೆ ನಿಜಕ್ಕೂ ಅಷ್ಟು ಮುಖ್ಯವೇ ಎಂಬ ಸಂದೇಹಕ್ಕೆ ಹತ್ತಿರದ ಹೈದರಾಬಾದಿನಲ್ಲೇ ಉತ್ತರವಿದೆ. ಅಲ್ಲಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಇದು ಓದಿನ ಫಲವಿರಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅಕ್ಷರ ಬಾರದವರಲ್ಲೂ ಅಂತರ ಉಳಿದಿತ್ತು. ಪಾರ್ಶ್ವವಾಯು ಆದ 608 ಜನರ 2016ರ ಅಧ್ಯಯನದಲ್ಲಿ ಅರಿವಿನ ಶಕ್ತಿ ಸಹಜವಾಗಿ ಉಳಿದದ್ದು ಹಲವು ಭಾಷೆಯವರಲ್ಲಿ ಶೇ. 40.5, ಒಂದೇ ಭಾಷೆಯವರಲ್ಲಿ ಶೇ. 19.6. ಮಾತು ಕಳೆದುಕೊಳ್ಳುವ ಪ್ರಮಾಣದಲ್ಲಿ ಮಾತ್ರ ಹೆಚ್ಚು ವ್ಯತ್ಯಾಸವಿರಲಿಲ್ಲ! ಲಾಭ ಇರುವುದು ಪದಸಂಪತ್ತಿಗಿಂತ ಗಮನ, ನಿಯಂತ್ರಣಗಳಲ್ಲಿ ಎಂದು ಇದರಿಂದ ತೋರುತ್ತದೆ. ಆಸ್ಪತ್ರೆಗೆ ಬಂದವರನ್ನಷ್ಟೇ ನೋಡಿದ ಈ ಅಧ್ಯಯನಗಳಿಗೆ ಮಿತಿಯಿದೆ. ಕಾರಣ ಭಾಷೆಯೇ ಎಂದು ಇವು ಸಾಬೀತು ಮಾಡಿಲ್ಲ.

ಊರಿಗೊಂದು ಅಳತೆಗೋಲು ಮಾಡಿದರೆ ಹೋಲಿಕೆ ಅಸಾಧ್ಯವಲ್ಲವೇ? ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಹೊರತಂದ ಪರೀಕ್ಷಾಮಾಲೆ ವಯಸ್ಸು, ಓದು ನೋಡಿ ಬೇರೆಬೇರೆ ಮಾನದಂಡ ಕೊಟ್ಟಿದೆ. ಅಕ್ಷರ ಬಾರದವರನ್ನು ಪದವೀಧರರ ಅಳತೆಯಲ್ಲಿ ತೂಗುವುದಿಲ್ಲ. ಅದರಿಂದ ಹೋಲಿಕೆ ಕೆಡಲಿಲ್ಲ, ನೇರವಾಯಿತು. ಭಾಷೆಗೂ ಅದೇ ಮರ್ಯಾದೆ ಸಲ್ಲಬೇಕು. ಹುಮನಾಬಾದಿನ ಆರೋಗ್ಯವಂತ ಹಿರಿಯರು ಎರಡು ಮೂರು ಭಾಷೆ ಬೆರೆಸಿ ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತಾರೆ ಎಂಬುದನ್ನು ಮೊದಲು ಅಳೆಯಬೇಕು. ಆ ಅಂಕಿಯ ಪಕ್ಕದಲ್ಲಿಟ್ಟರೆ ರೋಗಿಯ ಐದು ಕಡಿಮೆಯೋ ಸಾಕಷ್ಟೋ ಎಂದು ವೈದ್ಯರು ಹೇಳಬಲ್ಲರು.